ಐದು ಒಲೆಗಳ ಶುಕ್ರವಾರ

ಫಾರ್ಮಿನ ಹನ್ನೊಂದನೆಯ ಅಂಕಣದಲ್ಲಿ ‘ಒಲೆಗಳ ಸಂಖ್ಯೆ’ ಎಂದಿತ್ತು. ನಾನು ನೋಡಿದೆ, ಒಂದು ಒಲೆ ಇತ್ತು, ಒಂದು ಎಂದು ಬರೆದೆ. ನಿಜ ಬರೆದು ಇಷ್ಟು ದೊಡ್ಡ ತಪ್ಪು ಮಾಡಬಹುದು ಎಂದು ಆಗ ನನಗೆ ಗೊತ್ತಿರಲಿಲ್ಲ.

ಹದಿನೆಂಟು ದಿನ ಕಳೆದ ಮೇಲೆ ಚರ್ಚಿನ ವಸತಿ ಸಮಿತಿಯಿಂದ ಪಟ್ಟಿ ಬಂತು. ಕೋಲ್ಕತ್ತದ ಖಿದಿರ್‌ಪುರದ ಮೇಲ್ಸೇತುವೆಯ ಏಳನೆಯ ಕಂಬದ ಕೆಳಗೆ ವಾಸಿಸುವವರಿಗೆ ಕೋಣೆ ಒಂದು. ಅಲ್ಲಿ ವಾಸಿಸುವವರು ಹತ್ತೊಂಬತ್ತು ಜನ. ಪಟ್ಟಿಯ ಅಡಿಯಲ್ಲಿ ಇನ್ನೊಂದು ಸಾಲಿತ್ತು: ಒಂದು ಕೋಣೆಯಲ್ಲಿ ಐದು ಜನಕ್ಕಿಂತ ಹೆಚ್ಚು ಇರುವಂತಿಲ್ಲ.

ನಮ್ಮ ಚರ್ಚಿಗೆ ಸಂತರೊಬ್ಬರ ಉದ್ದನೆಯ ಹೆಸರಿದೆ. ಆದರೆ ಅಂಗಳದಲ್ಲಿ ಯಾವುದೋ ಹಡಗಿನ ತುಕ್ಕು ಹಿಡಿದ ಲಂಗರು ಬಿದ್ದಿರುವುದರಿಂದ ಬಂದರಿನ ಜನರೆಲ್ಲ ಅದನ್ನು ಲಂಗರು ಗಿರ್ಜೆ ಎನ್ನುತ್ತಾರೆ. ನಾನು ಅಲ್ಲಿಗೆ ಪ್ರಾರ್ಥನೆಗೆ ಹೋಗುವವಳಲ್ಲ, ಕೆಲಸಕ್ಕೆ ಹೋಗುವವಳು. ಹಿಂದೆ ನಾವಿಕರು ತಂಗುತ್ತಿದ್ದ ಹಾಸ್ಟೆಲೊಂದು ಚರ್ಚಿನ ಹಿಂಭಾಗದಲ್ಲಿ ಪಾಳು ಬಿದ್ದಿತ್ತು. ಅದನ್ನು ದುರಸ್ತಿ ಮಾಡಿ ಇಪ್ಪತ್ತೆರಡು ಕೋಣೆ ಮಾಡಿದ್ದಾರೆ. ಫುಟ್‌ಪಾತಿನಲ್ಲಿರುವ ಕುಟುಂಬಗಳನ್ನು ಹುಡುಕಿ, ಫಾರ್ಮು ತುಂಬಿ, ಆ ಕೋಣೆಗಳಿಗೆ ತಂದು ಸೇರಿಸುವುದು ನನ್ನ ಕೆಲಸ. ಸೇರಿದ ಮೇಲೆ ಅವರು ಮತ್ತೆ ಫುಟ್‌ಪಾತಿಗೆ ಹೋಗದಂತೆ ನೋಡಿಕೊಳ್ಳುವುದೂ ನನ್ನ ಕೆಲಸ. ಎರಡನೆಯದು ಕಷ್ಟ ಎಂದು ಎಲ್ಲರೂ ಹೆದರಿಸಿದ್ದರು. ನಾನು ಮೊದಲನೆಯದರಲ್ಲೇ ಎಡವಿದೆ.

ಒಂದು ಒಲೆ ಅಂದರೆ ಒಂದು ಮನೆ, ಒಂದು ಮನೆಗೆ ಒಂದು ಕೋಣೆ. ಸಮಿತಿಯ ನಿಯಮ ಇದು. ಹಿಂದೆ ಯಾರೋ ಅಣ್ಣತಮ್ಮಂದಿರು ಒಂದೇ ಪಾತ್ರೆಯಲ್ಲಿ ಉಣ್ಣುತ್ತ, ಬೇರೆ ಬೇರೆ ಸಂಸಾರ ಎಂದು ಹೇಳಿ ಎರಡು ಕೋಣೆ ಪಡೆದು, ಒಂದನ್ನು ಬಾಡಿಗೆಗೆ ಕೊಟ್ಟಿದ್ದರಂತೆ. ಆಮೇಲೆ ಈ ನಿಯಮ ಬಂತು. ನಿಯಮ ಚೆನ್ನಾಗಿಯೇ ಇದೆ. ಏಳನೆಯ ಕಂಬವನ್ನು ಕಂಡವರು ಅದನ್ನು ಬರೆದಿಲ್ಲ, ಅಷ್ಟೇ.

ಏಳನೆಯ ಕಂಬದ ಹಿಂದೆ ಒಂದು ಪೇಂಟ್ ಅಂಗಡಿ ಇದೆ. ಬೆಂಕಿ ಕಂಡರೆ ಅದರ ಮಾಲೀಕನಿಗೆ ಎದೆ ಹೊಡೆದುಕೊಳ್ಳುತ್ತದೆ. ಒಂದೇ ಒಂದು ಒಲೆ, ಅದೂ ರಸ್ತೆಯ ಕಡೆಗೆ, ಎಂಬ ಒಪ್ಪಂದದ ಮೇಲೆ ಹನ್ನೊಂದು ವರ್ಷದಿಂದ ಅಲ್ಲಿ ಐದು ಸಂಸಾರಗಳು ಒಂದೇ ಮಣ್ಣಿನ ಒಲೆಯಲ್ಲಿ ಬೇಯಿಸಿಕೊಂಡು ಉಣ್ಣುತ್ತಿವೆ. ಐದು ಸಂಸಾರ ಎಂದು ಬರೆಯಲು ಫಾರ್ಮಿನಲ್ಲಿ ಜಾಗವಿರಲಿಲ್ಲ. ಒಲೆ ಎಷ್ಟು ಎಂದು ಬರೆಯಲು ಜಾಗವಿತ್ತು.

ಪಟ್ಟಿ ಬಂದ ದಿನ ಮಧ್ಯಾಹ್ನ ಅಲ್ಲಿಗೆ ಹೋದೆ. ಮಿನೊತಿ ಅಕ್ಕಿ ಆರಿಸುತ್ತಿದ್ದಳು. ಐವರು ಹೆಂಗಸರಲ್ಲಿ ಹಿರಿಯಳಲ್ಲದಿದ್ದರೂ ಮಾತು ಅವಳದೇ ನಡೆಯುತ್ತದೆ. ನಾನು ಹೇಳಿದ್ದನ್ನು ಪೂರ್ತಿ ಕೇಳಿ, ಮೊರದಿಂದ ಕಲ್ಲೊಂದನ್ನು ತೆಗೆದು ಎಸೆದಳು.

“ಅಂದರೆ ನಾವೆಲ್ಲ ಸೇರಿ ಒಂದು ಮನೆ.”

“ಅವರ ಲೆಕ್ಕದಲ್ಲಿ.”

“ಹಾಗಾದರೆ ನನ್ನ ಗಂಡನಿಗೆ ಐದು ಹೆಂಡತಿಯರು. ಈ ಸುದ್ದಿ ಅವನಿಗೆ ಹೇಳಬೇಡಿ ದಿದಿ, ನಾಳೆಯಿಂದ ಕೆಲಸಕ್ಕೆ ಹೋಗುವುದಿಲ್ಲ.”

ಎಲ್ಲರೂ ನಕ್ಕರು. ರೆಹಾನಾ ಕೂಡ ನಕ್ಕಳು, ಹೊಟ್ಟೆ ಹಿಡಿದುಕೊಂಡು. ಅವಳಿಗೆ ಎಂಟು ತಿಂಗಳು ತುಂಬಿತ್ತು. ಮೊದಲ ಮಗುವನ್ನು ಹೆತ್ತು ಎರಡನೆಯ ದಿನಕ್ಕೇ ಆಸ್ಪತ್ರೆಯಿಂದ ಈ ಕಂಬದ ಕೆಳಗೆ ಬಂದಿದ್ದಳು. ಮೇಲೆ ಕಂಟೇನರ್ ಲಾರಿ ಹೋದಾಗಲೆಲ್ಲ ಮಗು ಬೆಚ್ಚಿಬೀಳುತ್ತಿತ್ತಂತೆ. “ಇದಕ್ಕಾದರೂ ಗೋಡೆ ತೋರಿಸಬೇಕು ದಿದಿ. ನಾಲ್ಕು ಇಲ್ಲದಿದ್ದರೆ ಮೂರಾದರೂ ಸಾಕು,” ಎಂದು ಫಾರ್ಮು ತುಂಬುವ ದಿನ ಹೇಳಿದ್ದಳು. ತಿಂಗಳ ಕೊನೆಗೆ ಸೇತುವೆಯ ದುರಸ್ತಿ ಶುರುವಾಗುವುದಿತ್ತು. ಕಂಬದ ಸುತ್ತ ತಗಡಿನ ಬೇಲಿ ಬೀಳುವುದಿತ್ತು. ಅಂದರೆ ಇದ್ದ ಜಾಗವೂ ಇಲ್ಲ.

“ಒಂದೇ ಕೋಣೆಯಾದರೆ ಅವರೇ ಬೀಗ ಹಾಕಿಟ್ಟುಕೊಳ್ಳಲಿ,” ಎಂದಳು ಮಿನೊತಿ. “ಯಾರೂ ಹೋಗುವುದಿಲ್ಲ.”

ಉಳಿದವರು ತಲೆಯಾಡಿಸಿದರು. ರೆಹಾನಾ ತಲೆಯಾಡಿಸಲಿಲ್ಲ. ಸೀರೆಯ ಸೆರಗಿನಲ್ಲಿ ಏನೋ ಕಲೆಯಿದೆ ಎಂಬಂತೆ ಅದನ್ನೇ ಉಜ್ಜುತ್ತಿದ್ದಳು. ನಾನು ಅದನ್ನು ನೋಡಿದೆ. ಮಿನೊತಿಯೂ ನೋಡಿದಳು.

ಸಮಿತಿಗೆ ಪತ್ರ ಬರೆದೆ. ತಪ್ಪು ನನ್ನದು, ಅಲ್ಲಿರುವುದು ಐದು ಕುಟುಂಬ, ದಯವಿಟ್ಟು ಮತ್ತೊಮ್ಮೆ ಪರಿಶೀಲಿಸಿ. ಎರಡೇ ದಿನದಲ್ಲಿ ಉತ್ತರ ಬಂತು: ಸಮಿತಿಯ ಸದಸ್ಯೆ ಮಿಸೆಸ್ ಬಿಶ್ವಾಸ್ ಶುಕ್ರವಾರ ಬೆಳಿಗ್ಗೆ ಹನ್ನೊಂದಕ್ಕೆ ಸ್ವತಃ ಬಂದು ಒಲೆಗಳನ್ನು ನೋಡುವರು.

ನಾನು ಇರುವುದು ಸಾಲ್ಟ್ ಲೇಕಿನಲ್ಲಿ, ದೊಡ್ಡಪ್ಪನ ಮನೆಯಲ್ಲಿ. ದೊಡ್ಡಪ್ಪ ಭೋಜ ಶೆಟ್ಟರು ಉಡುಪಿ ಕಡೆಯಿಂದ ಬ್ಯಾಂಕಿನ ಕೆಲಸಕ್ಕೆಂದು ಕೋಲ್ಕತ್ತಕ್ಕೆ ಬಂದು, ಮ್ಯಾನೇಜರಾಗಿ ನಿವೃತ್ತರಾಗಿ, ಈಗ ವಾರಕ್ಕೆ ಮೂರು ದಿನ ಲಂಗರು ಗಿರ್ಜೆಯಲ್ಲಿ ಸ್ವಯಂಸೇವಕರು. ಫುಟ್‌ಪಾತಿನವರಿಗೆ ಗುರುತಿನ ಚೀಟಿ, ಬ್ಯಾಂಕ್ ಖಾತೆ ಮಾಡಿಸುತ್ತಾರೆ. ಏಳನೆಯ ಕಂಬದವರು ಅವರನ್ನು ಬ್ಯಾಂಕ್ ದಾದು, ಅಂದರೆ ಬ್ಯಾಂಕ್ ಅಜ್ಜ, ಎಂದು ಕರೆಯುತ್ತಾರೆ. ಯಾಕೆ ಹೋಗುತ್ತೀರಿ ಎಂದು ಯಾರಾದರೂ ಕೇಳಿದರೆ, “ಮನೆಯಲ್ಲಿ ಕೂತ್ರೆ ಸರೋಜಿನಿ ಬೀನ್ಸ್ ಹೆಚ್ಚಲಿಕ್ಕೆ ಕೊಡ್ತಾಳೆ,” ಎಂದು ದೊಡ್ಡಮ್ಮನ ಮೇಲೆ ಹಾಕುತ್ತಾರೆ.

ರಾತ್ರಿ ಊಟಕ್ಕೆ ಕೂತಾಗ ವಿಷಯ ಹೇಳಿದೆ.

“ಎಂತ ಬರ್ದದ್ದು ನೀನು?”

“ಇದ್ದದ್ದು ಬರ್ದೆ ದೊಡ್ಡಪ್ಪ.”

“ಇದ್ದದ್ದು ಬರೀಲಿಕ್ಕೆ ನಿನ್ನನ್ನು ಅಷ್ಟು ಓದಿಸ್ಬೇಕಿತ್ತಾ ಮಾರಾಯ್ತಿ.” ಒಂದು ತುತ್ತು ಉಂಡರು. “ಇನ್‌ಸ್ಪೆಕ್ಷನ್ ಅಂದ್ರೆ ಎಂತ ಅಂತ ನನಗೆ ಗೊತ್ತುಂಟು. ಮೂವತ್ತಾರು ವರ್ಷ ನೋಡಿದ್ದೇನೆ. ಅವರು ಒಲೆ ನೋಡ್ಲಿಕ್ಕೆ ಬರ್ತಾರೆ ಅಲ್ವಾ? ನಾವು ಒಲೆ ತೋರಿಸುವ.”

“ಸುಳ್ಳಾಗುದಿಲ್ವಾ?”

“ಐದು ಸಂಸಾರ ಉಂಟಾ ಇಲ್ವಾ?”

“ಉಂಟು.”

“ಮತ್ತೆ ಎಲ್ಲಿ ಸುಳ್ಳು? ನಿಜಕ್ಕೆ ನಾಲ್ಕು ಒಲೆ ಕಡಿಮೆ ಬಿದ್ದಿದೆ, ಅಷ್ಟೇ.”

ದೊಡ್ಡಮ್ಮ ಸಾರಿನ ಪಾತ್ರೆ ಇಡುತ್ತ, “ಚರ್ಚಿನವರಿಗೆ ಮೋಸ ಮಾಡ್ಲಿಕ್ಕೆ ಹೊರಟಿದ್ದೀರಾ ದೊಡ್ಡಪ್ಪ ಮಗಳು ಸೇರಿ?” ಎಂದರು. ಆದರೂ ಶುಕ್ರವಾರ ಬೆಳಿಗ್ಗೆ ಪಿಕ್‌ನಿಕ್ಕಿಗೆಂದು ಇಟ್ಟಿದ್ದ ಸಣ್ಣ ಸಿಲಿಂಡರಿನ ಒಲೆಯನ್ನು ಒರೆಸಿ, ಚೀಲಕ್ಕೆ ಹಾಕಿ ಕೊಟ್ಟವರು ಅವರೇ. “ಸಂಜೆಯೊಳಗೆ ಒಲೆ ಬರದಿದ್ರೆ ನೀವೂ ಬರ್ಬೇಡಿ,” ಎಂದು ದೊಡ್ಡಪ್ಪನಿಗೆ ಹೇಳಿದರು.

ಉಳಿದ ಒಲೆಗಳು ಬೇರೆ ಬೇರೆ ಕಡೆಯಿಂದ ಬಂದವು. ಒಂದು ಸೀಮೆಎಣ್ಣೆಯ ಸ್ಟವ್ ಚಹಾದಂಗಡಿಯದು. ಒಂದು ಚರ್ಚಿನ ಕಾವಲುಗಾರನದು. ಇನ್ನೊಂದನ್ನು ಮಿನೊತಿಯ ಗಂಡ ಇಟ್ಟಿಗೆ ಜೋಡಿಸಿ ಅಲ್ಲೇ ಕಟ್ಟಿದ. ಹತ್ತು ಗಂಟೆಗೆ ದೊಡ್ಡಪ್ಪ ಹೆಂಗಸರನ್ನು ಸಾಲಾಗಿ ಕೂರಿಸಿ, ತಮ್ಮ ಉಡುಪಿ ಬಂಗಾಳಿಯಲ್ಲಿ ಬ್ರಾಂಚಿನ ಸಿಬ್ಬಂದಿಗೆ ಹೇಳುವಂತೆ ಹೇಳಿದರು.

“ಮೇಡಂ ಬಂದಾಗ ಐದೂ ಒಲೆ ಉರೀತಾ ಇರ್ಬೇಕು. ಒಂದೊಂದರ ಮೇಲೂ ಏನಾದ್ರೂ ಕುದೀತಾ ಇರ್ಬೇಕು. ಒಬ್ಬರ ಒಲೆ ಹತ್ರ ಇನ್ನೊಬ್ಬರು ಹೋಗ್ಬಾರ್ದು. ಉಪ್ಪು ಕೇಳ್ಬಾರ್ದು. ರುಚಿ ನೋಡ್ಬಾರ್ದು. ಗೊತ್ತಾಯ್ತಾ?”

“ಗೊತ್ತಾಯ್ತು ದಾದು.”

“ಬುಲು ಪಿಶಿ, ನಿಮಗೆ?”

ಎಲ್ಲರೂ ಪಿಶಿ, ಅಂದರೆ ಅತ್ತೆ, ಎಂದು ಕರೆಯುವ ಬುಲು ಗುಂಪಿನ ಹಿರಿಯಳು, ವಿಧವೆ, ಇಬ್ಬರು ಮೊಮ್ಮಕ್ಕಳೊಡನೆ ಇರುವವಳು. “ನನಗೆ ಹೇಳುವುದೇ ಬೇಡ. ಇವರ ಕೈರುಚಿ ನೋಡಿ ನೋಡಿ ನಾಲಿಗೆ ಸತ್ತಿದೆ,” ಎಂದಳು.

ಇಷ್ಟು ಹೇಳಿ ದೊಡ್ಡಪ್ಪ ಪೇಂಟ್ ಅಂಗಡಿಯ ಕಡೆ ಹೊರಟರು. ಐದು ಒಲೆ ಕಂಡರೆ ಮಾಲೀಕ ಕೂಗಾಡುವುದು ಖಂಡಿತ. ಸಾಲ್ಟ್ ಲೇಕಿನ ಫ್ಲ್ಯಾಟಿಗೆ ಬಣ್ಣ ಆರಿಸುವ ನೆಪದಲ್ಲಿ ಅವನನ್ನು ಒಳಗೇ ಕೂರಿಸಿಕೊಳ್ಳುವುದು ಅವರ ಯೋಜನೆ. ನಾನು ರಸ್ತೆಯ ಕಡೆ ನೋಡುತ್ತ ನಿಂತೆ.

ಮಿಸೆಸ್ ಬಿಶ್ವಾಸ್ ಹನ್ನೊಂದಕ್ಕೆ ಐದು ನಿಮಿಷ ಇರುವಾಗಲೇ ಆಟೋದಿಂದ ಇಳಿದರು. ಎಪ್ಪತ್ತು ದಾಟಿದ ಹೆಂಗಸು. ಹೆಡ್ ಮಿಸ್ಟ್ರೆಸ್ ಆಗಿದ್ದವರು. ಗಂಜಿ ಹಾಕಿದ ಹತ್ತಿ ಸೀರೆ, ಕೊಡೆ, ಬಗಲಲ್ಲಿ ಫೈಲು. ಶಿಕ್ಷಕಿಯಾಗಿದ್ದಾಗ ಮೂರು ಜನಗಣತಿಗೆ ಮನೆಮನೆ ಸುತ್ತಿದವರು ಎಂದು ಪಾದ್ರಿಗಳು ನನಗೆ ಮೊದಲೇ ಎಚ್ಚರಿಕೆ ಕೊಟ್ಟಿದ್ದರು.

“ಸಾಕ್ಷಿ ಎಂದರೆ ನೀನೇನಾ, ಪತ್ರ ಬರೆದವಳು?”

“ಹೌದು ಮೇಡಂ.”

“ಅಕ್ಷರ ಚೆನ್ನಾಗಿದೆ. ಒಲೆ ತೋರಿಸು.”

ಐದೂ ಉರಿಯುತ್ತಿದ್ದವು. ಐವರು ಹೆಂಗಸರು ಐದು ಕಡೆ, ಪರಿಚಯವೇ ಇಲ್ಲದವರಂತೆ ಬೆನ್ನು ಮಾಡಿ ಕೂತಿದ್ದರು. ದೊಡ್ಡಪ್ಪ ಬ್ಯಾಂಕ್ ನಡೆಸಿದ್ದು ಸುಮ್ಮನೆ ಅಲ್ಲ ಅನ್ನಿಸಿತು.

ಮಿಸೆಸ್ ಬಿಶ್ವಾಸ್ ಮೊದಲು ಮಿನೊತಿಯ ಮಣ್ಣಿನ ಒಲೆಯ ಬಳಿ ಬಗ್ಗಿದರು. ದೊಡ್ಡ ಹಂಡೆಯಲ್ಲಿ ಅನ್ನ ಕುದಿಯುತ್ತಿತ್ತು.

“ನಿಮ್ಮ ಮನೆಯಲ್ಲಿ ಎಷ್ಟು ಜನ?”

“ನಾಲ್ಕು.”

“ಅನ್ನ ಎಷ್ಟು ಜನಕ್ಕೆ?”

ಮಿನೊತಿ ಹಂಡೆಯನ್ನು ಮೊದಲ ಸಲ ನೋಡುವಂತೆ ನೋಡಿದಳು. “ಹಸಿವು ಜಾಸ್ತಿ ದಿದಿ.”

ಎರಡನೆಯದು ಆಗ್ನೆಸ್‌ಳದು. ರಾಂಚಿ ಕಡೆಯವಳು. ಭಾನುವಾರದ ಪ್ರಾರ್ಥನೆಗೆ ತಪ್ಪದೆ ಬಂದು, ಮುಗಿದ ಮೇಲೆ ಪಾದ್ರಿಗಳ ಉಪದೇಶ ಉದ್ದವಾಯಿತೆಂದು ಅವರಿಗೇ ಹೇಳುವವಳು. ಅವಳ ಒಲೆಯ ಮೇಲೆ ಬೇಳೆ. ಬರೀ ಬೇಳೆ, ಒಂದು ಬಕೆಟ್‌ನಷ್ಟು. ಮೂರನೆಯದು ಬುಲು ಪಿಶಿಯದು. ಸೊಪ್ಪು. ನಾಲ್ಕನೆಯದರಲ್ಲಿ ರೆಹಾನಾ ಮೀನಿನ ಸಾರು ಮಾಡುತ್ತಿದ್ದಳು. ಶುಕ್ರವಾರ ಕಂಬದವರೆಲ್ಲ ಸೇರಿ ಒಂದು ದೊಡ್ಡ ಕಾತ್ಲಾ ಮೀನು ತರುತ್ತಾರೆ. ಐದನೆಯದು, ನಮ್ಮ ದೊಡ್ಡಮ್ಮನ ಒಲೆ, ಹೊಸದಾಗಿ ಮದುವೆಯಾಗಿ ಬಂದ ಪುತುಲ್‌ಳ ಮುಂದೆ ಇತ್ತು. ಅದರ ಮೇಲೆ ಊಟದ ಕೊನೆಗೆ ಬಡಿಸುವ ಸಿಹಿ ಟೊಮೇಟೊ ಚಟ್ನಿ ಹದವಾಗಿ ಕುದಿಯುತ್ತಿತ್ತು.

ಮಿಸೆಸ್ ಬಿಶ್ವಾಸ್ ಚಟ್ನಿಯನ್ನು ಬಹಳ ಹೊತ್ತು ನೋಡಿದರು.

“ನಿನ್ನ ಗಂಡ ಮಧ್ಯಾಹ್ನ ಏನು ಉಣ್ಣುತ್ತಾನಮ್ಮ?”

“ಚಟ್ನಿ,” ಎಂದಳು ಪುತುಲ್.

“ಚಟ್ನಿ ಮತ್ತೆ?”

ಪುತುಲ್ ಮಿನೊತಿಯ ಕಡೆ ನೋಡಿದಳು. ಮಿನೊತಿ ಆಕಾಶ ನೋಡಿದಳು. ಅಲ್ಲಿ ಆಕಾಶವೂ ಇರಲಿಲ್ಲ, ಸೇತುವೆಯ ತಳ ಇತ್ತು.

ಆಗ ನನಗೆ ಅರ್ಥವಾಯಿತು. ಹನ್ನೊಂದು ವರ್ಷದಿಂದ ಅಲ್ಲಿ ಅನ್ನ ಮಿನೊತಿಯದು, ಬೇಳೆ ಆಗ್ನೆಸ್‌ಳದು, ಸೊಪ್ಪು ಪಿಶಿಯದು, ಮೀನು ರೆಹಾನಾಳದು. ಕೊನೆಗೆ ಬಂದ ಪುತುಲ್‌ಗೆ ಉಳಿದದ್ದು ಚಟ್ನಿ. ಒಲೆ ಹಚ್ಚಿ ಏನಾದರೂ ಬೇಯಿಸಿ ಎಂದರೆ ಅವರ ಕೈ ಹೋಗುವುದು ಅಲ್ಲಿಗೇ. ಏನು ಬೇಯಿಸಬೇಕು ಎಂದು ಹೇಳಿಕೊಡಬೇಕೆಂಬುದು ದೊಡ್ಡಪ್ಪನಿಗೆ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ. ಐದು ಒಲೆ ಹೊತ್ತಿಸಿ ನಾವು ಒಂದು ಊಟ ಮಾಡಿದ್ದೆವು.

ಮಿಸೆಸ್ ಬಿಶ್ವಾಸ್ ಕೊಡೆಯನ್ನು ಕಂಬಕ್ಕೆ ಒರಗಿಸಿದರು. ಮಡಚಿಟ್ಟ ಹಾಸಿಗೆಯೊಂದರ ಮೇಲೆ ಕೂತು, ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿಕೊಂಡರು. ಅವರ ಭುಜ ಅಲುಗಿದ್ದನ್ನು ಕಂಡು ನಾನು ಮೊದಲು ಗಾಬರಿಯಾದೆ. ಅವರು ನಗುತ್ತಿದ್ದರು.

“ಈ ಒಲೆಗಳೆಲ್ಲ ಯಾರ ಬುದ್ಧಿ?”

“ನನ್ನದು,” ಎಂದೆ. ದೊಡ್ಡಪ್ಪನನ್ನು ಹಿಡಿದುಕೊಡುವುದು ಸರಿಯಲ್ಲ.

“ಫಾರ್ಮಿನಲ್ಲಿ ಒಂದು ಒಲೆ ಎಂದು ಬರೆದವಳೂ ನೀನೇ. ಎರಡರಲ್ಲಿ ಯಾವುದು ನಿಜ?”

ಮಿನೊತಿ ಎದ್ದು ಬಂದಳು.

“ಒಂದೇ ಒಲೆ ದಿದಿ. ಉಳಿದವು ತಂದದ್ದು. ಬೈಯುವುದಾದರೆ ನನಗೆ ಬೈಯಿರಿ. ಆದರೆ ನಾವು ಐದು ಮನೆ. ಅದು ಸುಳ್ಳಲ್ಲ.”

“ಐದು ಮನೆಯವರು ಒಟ್ಟಿಗೆ ಬೇಯಿಸಿ ಒಟ್ಟಿಗೆ ಉಂಡರೆ ಅದು ಒಂದು ಮನೆ. ಜನಗಣತಿಗೆ ಎಷ್ಟೋ ಮನೆ ಎಣಿಸಿದವಳು ನಾನು. ಎಲ್ಲಾ ಕಡೆ ಲೆಕ್ಕ ಹೀಗೇ.”

ರೆಹಾನಾ ಸೌಟು ಹಿಡಿದುಕೊಂಡೇ ನಿಂತಿದ್ದಳು. ಕೆಳಗಿಡುವುದನ್ನು ಮರೆತಿದ್ದಳು. “ಹಾಗಾದರೆ ಒಂದೇ ಕೋಣೆಯಾ?” ಎಂದು ಕೇಳಿದಳು.

ಇಂಥ ಹೊತ್ತಿನಲ್ಲಿ ಮಿನೊತಿಗೆ ತಿಳಿದದ್ದು ಒಂದೇ, ಬಂದವರಿಗೆ ಬಡಿಸುವುದು. “ಊಟದ ಹೊತ್ತಾಯಿತು. ಉಂಡು ಹೋಗಿ ದಿದಿ. ಕೋಣೆ ಕೊಡಿ, ಬಿಡಿ,” ಎಂದು ತಟ್ಟೆ ತೊಳೆದು ತಂದಳು. ಮಿಸೆಸ್ ಬಿಶ್ವಾಸ್ ಬೇಡ ಎನ್ನಲಿಲ್ಲ. ಅನ್ನ, ಬೇಳೆ, ಸೊಪ್ಪು ಬಿದ್ದವು. ಕೊನೆಗೆ ಮಿನೊತಿ ಮೀನಿನ ಪಾತ್ರೆಗೆ ಸೌಟು ಹಾಕಿ, ಅತಿಥಿಗೆ ಸಲ್ಲಬೇಕಾದ ತಲೆಯನ್ನು ಎತ್ತಿ ಅವರ ತಟ್ಟೆಯಲ್ಲಿಟ್ಟಳು. ದೊಡ್ಡ ತಲೆ. ತಟ್ಟೆಯ ಅಂಚು ದಾಟುತ್ತಿತ್ತು.

ಆಗ್ನೆಸ್ ಎಲ್ಲರಿಗೂ ಕೇಳುವಂತೆ ಉಸಿರು ಬಿಟ್ಟಳು.

“ಏನಾಯಿತೇ?” ಎಂದಳು ಮಿನೊತಿ.

“ಏನಿಲ್ಲ. ಕೊಡು, ಕೊಡು. ಹೋದ ವಾರ ಪುತುಲ್ ಮನೆಗೆ ಹೋಯಿತು. ಅದರ ಹಿಂದಿನ ವಾರ ಪಿಶಿಯ ಮೊಮ್ಮಕ್ಕಳಿಗೆ. ನನ್ನ ಮನೆಯ ಸರದಿ ಬಂದ ದಿನವೇ ದೊಡ್ಡವರು ಬರುತ್ತಾರೆ.”

“ನಾಚಿಕೆ ಇಲ್ಲವಾ ನಿನಗೆ, ಬಂದವರ ಮುಂದೆ?”

“ಐದು ವಾರ ಕಾದಿದ್ದೇನೆ, ನಾಚಿಕೆ ಎಲ್ಲಿಂದ ಬರಬೇಕು?”

ಮಿಸೆಸ್ ಬಿಶ್ವಾಸರ ಕೈ ತಟ್ಟೆಯ ಮೇಲೆ ಹಾಗೇ ನಿಂತಿತು. “ಸರದಿಯಾ?” ಎಂದರು. “ಮೀನಿನ ತಲೆಗೆ ನಿಮ್ಮಲ್ಲಿ ಸರದಿ ಇದೆಯಾ?”

“ಮತ್ತೆ? ಇಲ್ಲದಿದ್ದರೆ ವಾರವಾರ ಇವಳೇ ನುಂಗುತ್ತಾಳೆ,” ಎಂದು ಆಗ್ನೆಸ್ ಗದ್ದದಿಂದ ಮಿನೊತಿಯ ಕಡೆ ತೋರಿಸಿದಳು.

ಮಿಸೆಸ್ ಬಿಶ್ವಾಸ್ ತಟ್ಟೆ ಕೆಳಗಿಟ್ಟರು. ಅವರ ಮುಖ ಪೂರ್ತಿ ಬದಲಾಗಿತ್ತು. ನಮ್ಮ ಶಾಲೆಯಲ್ಲಿ ನಕಲು ಹೊಡೆದವರನ್ನು ಹಿಡಿದಾಗ ಮೇಷ್ಟರುಗಳ ಮುಖ ಹೀಗೇ ಆಗುತ್ತಿತ್ತು. ಅವರು ಪುತುಲ್‌ಳನ್ನು ಕರೆದು, ಕಂಬದ ಆಚೆ ಕರೆದುಕೊಂಡು ಹೋಗಿ, ಕಿವಿಯಲ್ಲಿ ಏನೋ ಕೇಳಿದರು. ಆಮೇಲೆ ರೆಹಾನಾಳನ್ನು. ಆಮೇಲೆ ಪಿಶಿಯನ್ನು, ಆಗ್ನೆಸ್‌ಳನ್ನು, ಮಿನೊತಿಯನ್ನು. ಒಬ್ಬೊಬ್ಬರನ್ನೇ ಕರೆದು ಮೌಖಿಕ ಪರೀಕ್ಷೆ ಮಾಡಿದಂತೆ. ಪ್ರತಿ ಸಲವೂ ಫೈಲಿನಲ್ಲಿ ಏನೋ ಗುರುತು ಹಾಕಿಕೊಂಡರು.

ವಾಪಸು ಬಂದು ಕೂತು ನನಗೆ ಹೇಳಿದರು: “ಬರುವ ಶುಕ್ರವಾರ ತಲೆ ಯಾರಿಗೆ ಎಂದು ಕೇಳಿದೆ. ಐವರೂ ರೆಹಾನಾ ಮನೆಗೆ ಎಂದರು. ಅದರ ನಂತರ? ಮಿನೊತಿ ಮನೆಗೆ. ಉಳಿದ ತುಂಡು ಹೇಗೆ ಹಂಚುತ್ತೀರಿ? ಆಳಿಗೊಂದು, ಬಸುರಿಗೆ ಎರಡು, ಪಿಶಿ ಮೀನು ತಿನ್ನುವುದಿಲ್ಲವಾದ್ದರಿಂದ ಅವಳ ಪಾಲು ಮೊಮ್ಮಕ್ಕಳಿಗೆ. ಒಬ್ಬರೂ ತಪ್ಪು ಹೇಳಲಿಲ್ಲ.”

“ಹೌದು ಮೇಡಂ,” ಎಂದೆ. ಅವರ ಮಾತು ಎಲ್ಲಿಗೆ ಹೋಗುತ್ತಿದೆಯೆಂದು ನನಗೆ ತಿಳಿದಿರಲಿಲ್ಲ.

“ನಮ್ಮ ಮನೆಯಲ್ಲಿ ನಾನು ಹುಟ್ಟಿದಾಗಿನಿಂದ ಮೀನಿನ ತಲೆ ನಮ್ಮ ತಂದೆಗೆ. ಮದುವೆಯಾದ ಮೇಲೆ ನಲವತ್ತೊಂದು ವರ್ಷ ನನ್ನ ಗಂಡನಿಗೆ. ಅಳಿಯ ಬಂದ ದಿನ ಅಳಿಯನಿಗೆ. ಸರದಿ ಎಂಬ ಮಾತು ನನ್ನ ಬಾಯಿಗೆ ಬಂದಿದ್ದರೆ ನಮ್ಮತ್ತೆ ಮನೆಯಿಂದ ಹೊರಗೆ ಹಾಕುತ್ತಿದ್ದರು. ನಿಮ್ಮ ಊರಿನಲ್ಲಿ?”

ಕುಂದಾಪುರದ ನಮ್ಮ ಅಡುಗೆಮನೆ ಕಣ್ಣಮುಂದೆ ಬಂತು. ಬಂಗುಡೆಯೇ ಇರಲಿ, ಕಾಣೆಯೇ ಇರಲಿ, ಒಳ್ಳೆಯ ತುಂಡು ಯಾರ ಬಟ್ಟಲಿಗೆ ಹೋಗುತ್ತದೆಂದು ಎಲ್ಲರಿಗೂ ಗೊತ್ತಿತ್ತು. ಯಾರೂ ಯಾರನ್ನೂ ಕೇಳುತ್ತಿರಲಿಲ್ಲ. “ಅಪ್ಪನಿಗೆ,” ಎಂದೆ.

“ನೋಡಿದೆಯಾ. ಸರದಿ ಇರುವುದು ಬೇರೆ ಬೇರೆ ಮನೆಯವರ ನಡುವೆ. ಒಂದೇ ಮನೆಯಲ್ಲಿ ಇಷ್ಟು ನ್ಯಾಯ ಇರುವುದಿಲ್ಲ.”

ಅವರು ಮೀನಿನ ತಲೆಯನ್ನು ಎರಡೂ ಕೈಯಲ್ಲಿ ಎತ್ತಿ ಆಗ್ನೆಸ್‌ಳ ತಟ್ಟೆಗೆ ಹಾಕಿದರು. ಆಗ್ನೆಸ್ ಬೇಡ ಎಂದು ಒಂದು ಸಲವೂ ಹೇಳಲಿಲ್ಲ. ಮಿಸೆಸ್ ಬಿಶ್ವಾಸ್ ಕೈ ತೊಳೆದು, ಫಾರ್ಮು ತೆಗೆದು, ಹನ್ನೊಂದನೆಯ ಅಂಕಣದಲ್ಲಿ ನಾನು ಬರೆದದ್ದನ್ನು ಹಾಗೇ ಬಿಟ್ಟು, ಪಕ್ಕದ ಖಾಲಿ ಜಾಗದಲ್ಲಿ ಬರೆದರು. ನನಗೆ ಓದಿ ಹೇಳಿದರು: “ಒಲೆ ಒಂದು. ಮನೆ ಐದು. ಕಾರಣ, ಮೀನಿನ ತಲೆ ಸರದಿಯ ಮೇಲೆ.”

“ಸಮಿತಿಯವರು ಒಪ್ಪುತ್ತಾರಾ ಮೇಡಂ?”

“ಸಮಿತಿಯಲ್ಲಿ ಏಳು ಜನ. ಏಳು ಜನವೂ ಬಂಗಾಳಿಗಳು. ಬೇರೆ ಯಾವ ಕಾರಣ ಕೊಟ್ಟರೂ ಚರ್ಚೆ ಮಾಡುತ್ತಾರೆ, ಇದಕ್ಕೆ ಮಾಡುವುದಿಲ್ಲ.” ಫೈಲು ಮುಚ್ಚಿದರು. “ಆದರೆ ಸಾಕ್ಷಿ, ಇನ್ನೊಮ್ಮೆ ನನ್ನ ಮುಂದೆ ನಾಟಕ ಆಡಿಸಿದರೆ ಇಪ್ಪತ್ತೆರಡು ಕೋಣೆಯ ನೆಲವನ್ನೂ ನಿನ್ನ ಕೈಯಲ್ಲೇ ತೊಳೆಸುತ್ತೇನೆ. ಆ ಸ್ಟವ್‌ಗಳನ್ನು ಆರಿಸಿ. ಹಿಂದೆ ಪೇಂಟ್ ಅಂಗಡಿ ಇದೆ, ಕಣ್ಣಿಲ್ಲವಾ ನಿಮಗೆ?”

ಅಂಗಡಿಯೊಳಗಿಂದ ದೊಡ್ಡಪ್ಪ ಇಣುಕಿದರು. ಕೈಯಲ್ಲಿ ಬಣ್ಣದ ನಮೂನೆಗಳ ಪುಸ್ತಕ. ನಾನು ಐದು ಬೆರಳು ತೋರಿಸಿದೆ. ಅವರು ಅದನ್ನು ಇನ್ನೂ ಐದು ನಿಮಿಷ ಎಂದು ತಿಳಿದರೋ ಏನೋ, ಮತ್ತೆ ಒಳಗೆ ಹೋದರು. ಆಮೇಲೆ ಗೊತ್ತಾಯಿತು, ಅಷ್ಟರಲ್ಲಿ ಅವರು ಹಾಲ್‌ಗೆ ತಿಳಿಹಸಿರು ಬಣ್ಣವನ್ನು ನಿಜವಾಗಿಯೇ ಆರ್ಡರ್ ಮಾಡಿದ್ದರು.

ಮಿಸೆಸ್ ಬಿಶ್ವಾಸ್ ಉಳಿದ ಊಟ ಮುಗಿಸಿದರು. ಚಟ್ನಿ ಎರಡನೆಯ ಸಲ ಹಾಕಿಸಿಕೊಂಡು, ಸಕ್ಕರೆ ಸ್ವಲ್ಪ ಕಡಿಮೆಯಾಯಿತು ಎಂದರು. ಪುತುಲ್ ಮುಖ ಊದಿಸಿಕೊಂಡಳು. ಅಷ್ಟರಲ್ಲೇ ಆಚೆ, ಹಾಸ್ಟೆಲಿನ ನಲ್ಲಿಗೆ ಹತ್ತಿರದ ಕೋಣೆ ಯಾರಿಗೆ ಎಂಬ ಜಗಳ ಶುರುವಾಗಿತ್ತು. ಪಿಶಿ ವಯಸ್ಸಿನ ಲೆಕ್ಕ ಹೇಳುತ್ತಿದ್ದಳು. ಆಗ್ನೆಸ್ ಮೀನಿನ ತಲೆಯನ್ನು ಚೀಪುತ್ತಲೇ, ಕೋಣೆ ಯಾವುದಾದರೂ ಸರಿ, ಅಡುಗೆ ಮಾತ್ರ ಒಂದೇ ಕಡೆ, ಈ ವಯಸ್ಸಿನಲ್ಲಿ ನಾನು ಅನ್ನ ಮಾಡಲು ಕಲಿಯುವುದಿಲ್ಲ ಎಂದು ಸಾರುತ್ತಿದ್ದಳು.

“ಮಂಗಳವಾರ ಹತ್ತು ಗಂಟೆಗೆ ಚರ್ಚಿಗೆ ಬನ್ನಿ,” ಎಂದರು ಮಿಸೆಸ್ ಬಿಶ್ವಾಸ್ ಎದ್ದು ನಿಂತು. “ಮನೆಗೊಬ್ಬರು. ಸಹಿ ಬರದಿದ್ದರೆ ಹೆಬ್ಬೆಟ್ಟು ಸಾಕು. ಅವತ್ತೇ ಬೀಗದ ಕೈ.”

ನಾಲ್ವರು ತಲೆಯಾಡಿಸಿದರು. ರೆಹಾನಾ ಸೌಟನ್ನು ಕೊನೆಗೂ ಕೆಳಗಿಟ್ಟು ಹತ್ತಿರ ಬಂದಳು. ಈ ಊರಿನಲ್ಲಿ ಇಪ್ಪತ್ತಾರು ವರ್ಷದಿಂದ ಬೇರೆಯವರು ಹೇಳಿದ ದಿನ, ಹೇಳಿದ ಹೊತ್ತಿಗೆ, ಹೇಳಿದ ಸಾಲಿನಲ್ಲಿ ನಿಂತವಳು ಅವಳು.

“ಮಂಗಳವಾರ ನನಗೆ ಆಸ್ಪತ್ರೆಯ ದಿನ,” ಎಂದಳು. “ನನಗೆ ಬುಧವಾರ ಆಗಬೇಕು.”

ಮಿಸೆಸ್ ಬಿಶ್ವಾಸ್ ಕನ್ನಡಕದ ಮೇಲಿಂದ ಅವಳನ್ನು ನೋಡಿದರು. ಪೆನ್ನಿನ ಕ್ಯಾಪು ಮತ್ತೆ ತೆಗೆದರು.

“ಬುಧವಾರ ಎಷ್ಟು ಗಂಟೆಗೆ?”

ರೆಹಾನಾ ಸ್ವಲ್ಪ ಯೋಚಿಸಿದಳು. ಅವಸರವೇನೂ ಇರಲಿಲ್ಲ.

“ಹನ್ನೊಂದು,” ಎಂದಳು.